ಬಾಣಂತನಕ್ಕೆ ಹೊರಟ ಕ್ಯಾರವಾನ್

ಕಾನೂನಿನ ಪ್ರಕಾರ ನಮಗೆ ಯಾವ ತರಬೇತಿಯೂ ಬೇಕಿರಲಿಲ್ಲ. ಕಾರಿನ ಲೈಸೆನ್ಸ್ ಇದ್ದವರು ಅದೇ ಲೈಸೆನ್ಸಿನಲ್ಲಿ ಗಾಲಿಯ ಮೇಲಿನ ಮನೆಯಂಥ ಎರಡು ಟನ್ನಿನ ಕ್ಯಾರವಾನನ್ನು ಹಿಂದೆ ಕಟ್ಟಿಕೊಂಡು ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್‌ನಿಂದ ಪೂರ್ವ ತುದಿಯ ಬ್ರಿಸ್ಬೇನ್‌ವರೆಗೆ ಎಳೆದುಕೊಂಡು ಹೋಗಬಹುದು. ಈ ಸಂಗತಿಯನ್ನು ನಾನು ಮೂರು ಸಲ ಪರಿಶೀಲಿಸಿದೆ. ಬೆಂಗಳೂರಿನ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ, ಆಮೇಲೆ ಪರ್ತ್ ಸಿಟಿಯ ಗಣಿ ಕಂಪನಿಯೊಂದರಲ್ಲಿ ವರದಿ ತಿದ್ದುತ್ತ ಹದಿನೈದು ವರ್ಷ ಕಳೆದವನಿಗೆ ಆ ಅಭ್ಯಾಸ ಹೋಗುವುದಿಲ್ಲ. ಮೂರನೆಯ ಸಲವೂ ಅದೇ ಉತ್ತರ ಬಂದಾಗ ಫೋನನ್ನು ಹೆಂಡತಿಯ ಮುಂದೆ ಹಿಡಿದೆ.

"ನೋಡು, ಏನೂ ಬೇಡ. ಲೈಸೆನ್ಸ್ ಸಾಕು."

ಅವಳು ಕನ್ನಡಕ ಏರಿಸಿ ಓದಿದಳು. "ಬೇಡ ಅಂತ ಎಲ್ಲಿ ಬರೆದಿದೆ ರೀ? ಕಡ್ಡಾಯ ಅಲ್ಲ ಅಂತ ಇದೆ ಅಷ್ಟೆ."

ಅವಳು ಡಾಕ್ಟರ್. ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯ ಕ್ಲಿನಿಕ್ ಒಂದರಲ್ಲಿ ಹದಿನೈದು ವರ್ಷ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನೋಡಿ, ಈ ವರ್ಷ ನಿವೃತ್ತಿ ತೆಗೆದುಕೊಳ್ಳುವವಳಿದ್ದಳು. ಕ್ಯಾರವಾನ್ ಕೊಳ್ಳುವ ಯೋಚನೆಯೂ ಅವಳದೇ. ಬ್ರಿಸ್ಬೇನ್‌ನಲ್ಲಿರುವ ನಮ್ಮ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಅವಳು ಬಾಡಿಗೆಗಿರುವುದು ಎರಡು ಕೋಣೆಯ ಹಳೆಯ ಮರದ ಮನೆ. ಒಂದರಲ್ಲಿ ಅವರಿಬ್ಬರು ಮಲಗುತ್ತಾರೆ. ಇನ್ನೊಂದರಲ್ಲಿ ಅಳಿಯನ ಆಫೀಸು, ಮಗುವಿನ ತೊಟ್ಟಿಲು, ಒಂದು ಸೈಕಲ್. ಹದಿನೈದು ದಿನವಾದರೆ ಸೋಫಾದ ಮೇಲೆ ಮಲಗಿ ಕಳೆಯಬಹುದು. ಆದರೆ ನನ್ನ ಹೆಂಡತಿ ಮೂರು ತಿಂಗಳ ಬಾಣಂತನದ ಲೆಕ್ಕ ಹಾಕಿದ್ದಳು. ಮಗಳು ಹುಟ್ಟಿದಾಗ ಅವಳು ಹೌಸ್ ಸರ್ಜನ್; ಇಪ್ಪತ್ತೆರಡನೆಯ ದಿನಕ್ಕೆ ಡ್ಯೂಟಿಗೆ ಹಾಜರಾಗಿದ್ದಳು. ಎಣ್ಣೆನೀರು, ಮೆಣಸಿನ ಸಾರು, ಕೋಣೆಯ ಬಾಗಿಲು ಹಾಕಿಕೊಂಡು ನಿದ್ದೆ, ಯಾವುದೂ ಅವಳಿಗೆ ಸಿಕ್ಕಿರಲಿಲ್ಲ. ಅದನ್ನು ಅವಳು ದೂರಾಗಿ ಹೇಳಿದ್ದು ನಾನು ಕೇಳಿಲ್ಲ. ಈಗ ಮಾತ್ರ, "ನನ್ನ ಮಗಳಿಗೆ ಪೂರಾ ಮೂರು ತಿಂಗಳು ಮಾಡ್ತೀನಿ, ಅವಳ ಮನೆಯವರಿಗೆ ಒಂದು ದಿನವೂ ತೊಂದರೆ ಕೊಡದೆ ಮಾಡ್ತೀನಿ," ಎಂದು ಹಟ ಹಿಡಿದಳು. ಮಗಳ ಮನೆಯ ಹಿತ್ತಲು ದೊಡ್ಡದು. ಅಲ್ಲಿ ಕ್ಯಾರವಾನ್ ನಿಲ್ಲಿಸಿದರೆ ನಮ್ಮದೇ ಮಂಚ, ನಮ್ಮದೇ ಒಲೆ.

ಹೆರಿಗೆಗೆ ಏಳು ವಾರವಿರುವಾಗ ಕ್ಯಾರವಾನ್ ಮನೆಗೆ ಬಂತು. ಮಾರಿದ ಮುದುಕರೇ ತಂದು ನಮ್ಮ ಬೀದಿಯಲ್ಲಿ ನಿಲ್ಲಿಸಿ, ಕಾರಿಗೆ ಕಟ್ಟುವುದು ಹೇಗೆಂದು ತೋರಿಸಿ ಹೋದರು. ಬಿಳಿ ಬಣ್ಣ, ಕಿಟಕಿಗೆ ನೀಲಿ ಪಟ್ಟೆಯ ಪರದೆ, ಅಂಗೈಯಗಲದ ಸಿಂಕು. ಅರವತ್ತರ ಹೊಸಿಲಿನಲ್ಲಿದ್ದ ನಾವಿಬ್ಬರೂ ಅದರ ಪ್ರತಿಯೊಂದು ಕಪಾಟನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದೆವು. ಶುಕ್ರವಾರ ಬೆಳಿಗ್ಗೆ ಪೂಜೆ. ಕಾರಿನ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಕ್ಯಾರವಾನಿನ ಎರಡಕ್ಕೆ ಎರಡು. ಮಗಳು ಬ್ರಿಸ್ಬೇನ್‌ನಿಂದ ವಿಡಿಯೊದಲ್ಲಿದ್ದಳು. ಪಕ್ಕದ ಮನೆಯ ಆಸ್ಟ್ರೇಲಿಯನ್ ಮುದುಕ ಕಾಫಿ ಮಗ್ ಹಿಡಿದು ಬೇಲಿಗೆ ಒರಗಿ ನಿಂತಿದ್ದ.

ಕಾಯಿ ಒಡೆದು ಹೊರಟೆ. ಆರೂ ಹಣ್ಣು ಪಟಪಟನೆ ಅಪ್ಪಚ್ಚಿಯಾದವು. ಅಷ್ಟು ದೊಡ್ಡ ಮನೆಯೊಂದು ಕನ್ನಡಿಯಲ್ಲಿ ನನ್ನ ಹಿಂದೆಯೇ ಬರುವುದನ್ನು ನೋಡಿ ಎದೆ ಉಬ್ಬಿತು. ಬೀದಿ ಸುತ್ತಿ ವಾಪಸು ಬಂದೆ. ಇನ್ನು ಹಿಮ್ಮುಖವಾಗಿ ಮನೆಯ ಅಂಗಳಕ್ಕೆ ತರಬೇಕು. ಬೆಂಗಳೂರಿನ ಗಲ್ಲಿಗಳಲ್ಲಿ ಅಂಬಾಸಿಡರ್ ತಿರುಗಿಸಿದವನು ನಾನು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಕ್ಯಾರವಾನ್ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದೆ, ಅದು ಇನ್ನೆತ್ತಲೋ ಹೊರಟು ಕಾರಿನ ಜೊತೆ ಮೊಣಕೈಯಂತೆ ಮಡಚಿಕೊಂಡಿತು. ಮೂರನೆಯ ಪ್ರಯತ್ನದಲ್ಲಿ ಹಿಂದಿನಿಂದ ಟಣ್ ಎಂದು ಸದ್ದಾಯಿತು.

"ಅಪ್ಪಾ, ಏನದು ಸೌಂಡು?" ಫೋನಿನಿಂದ ಮಗಳು.

"ಏನೂ ಇಲ್ಲ ಮಗಳೆ."

"ಅಮ್ಮಾ, ಕ್ಯಾಮರಾ ತಿರುಗಿಸು."

ಹೆಂಡತಿ ತಿರುಗಿಸಿದಳು. ಪಕ್ಕದ ಮನೆಯ ಲೆಟರ್‌ಬಾಕ್ಸ್ ಪಶ್ಚಿಮಕ್ಕೆ ನಮಸ್ಕಾರ ಹಾಕುತ್ತಿತ್ತು. ಮುದುಕ ಮಗ್ಗಿನಿಂದ ಇನ್ನೊಂದು ಗುಟುಕು ಕುಡಿದು, "ಮೇಟ್, ಆ ನಿಂಬೆಹಣ್ಣು ನನ್ನ ಲೆಟರ್‌ಬಾಕ್ಸ್ ಕೆಳಗೂ ಒಂದು ಇಡಬೇಕಿತ್ತು," ಎಂದ. ಆಮೇಲೆ ಮಗ್ ಕೆಳಗಿಟ್ಟು, ನನ್ನನ್ನು ಇಳಿಸಿ, ತಾನೇ ಕೂತು ಎರಡು ನಿಮಿಷದಲ್ಲಿ ಕ್ಯಾರವಾನನ್ನು ಒಳಗೆ ತಂದು ಬಿಟ್ಟ.

ಮಗಳು ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟ್. ಅವಳು ನಗಲಿಲ್ಲ. "ಇಬ್ಬರೂ ಕೇಳಿ. ಕೋರ್ಸ್ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಫ್ಲೈಟಲ್ಲಿ ಬಂದು ಎರಡು ವಾರ ಇದ್ದು ಹೋಗಿ. ಕ್ಯಾರವಾನ್ ಉರುಳಿಸ್ಕೊಂಡು ಬಂದ ಅಂಕಲ್ ಆಂಟಿಗಳಿಗೆ ನಡೆಯೋದು ಕಲಿಸಿದೀನಿ ನಾನು. ನನ್ನ ಮನೆಗೆ ಬನ್ನಿ, ನನ್ನ ವಾರ್ಡಿಗೆ ಬರಬೇಡಿ."

"ಕಡ್ಡಾಯ ಏನಿಲ್ಲ ಮಗಳೆ..." ಎಂದು ಶುರು ಮಾಡಿದೆ.

"ನನ್ನ ಗೇಟಿಗೆ ಕಡ್ಡಾಯ."

*

ಒಂದು ದಿನದ ಕೋರ್ಸ್. ಶನಿವಾರ, ಕ್ಯಾನಿಂಗ್ ವೇಲ್‌ನ ಗೋದಾಮುಗಳ ಹಿಂದಿನ ಖಾಲಿ ಯಾರ್ಡಿನಲ್ಲಿ. ಕಲಿಸಲು ಬಂದಾಕೆಗೆ ನಮ್ಮದೇ ವಯಸ್ಸು. ಗಣಿಗಳಿಗೆ ಮೂರು ಮೂರು ಟ್ರೇಲರ್ ಕಟ್ಟಿದ ರೋಡ್ ಟ್ರೈನ್ ಓಡಿಸಿ ಮೊಣಕಾಲು ಸವೆದ ಮೇಲೆ ಈ ಕೆಲಸಕ್ಕೆ ಬಂದವಳು. ಯಾರು ಮೊದಲು ಕೂರುತ್ತೀರಿ ಎಂದು ಕೇಳಿದಳು. ನಾನು ನೋಟ್‌ಬುಕ್ ತೋರಿಸಿ, ನಾನು ಬರೆದುಕೊಳ್ಳಲು ಬಂದವನು, ಇವಳು ಕಲಿಯುತ್ತಾಳೆ ಎಂದೆ.

"ಧಾರಾಳವಾಗಿ ಬರೆದುಕೊಳ್ಳಿ," ಎಂದಳು. "ಆದರೆ ಕ್ಯಾರವಾನ್‌ಗೆ ಓದಲು ಬರುವುದಿಲ್ಲ."

ಹೆಂಡತಿ ಚಾಲಕನ ಸೀಟಿನಲ್ಲಿ ಕೂತಳು. ಅಂದಿನವರೆಗೂ ಅವಳು ಕ್ಲಿನಿಕ್, ಅಂಗಡಿ, ದೇವಸ್ಥಾನ ಬಿಟ್ಟು ಬೇರೆಡೆಗೆ ಓಡಿಸಿದ್ದು ಕಡಿಮೆ. ಕಲಿಸುವಾಕೆ ಅವಳ ಕೈಯನ್ನು ಸ್ಟೀರಿಂಗಿನ ಮೇಲ್ಭಾಗದಿಂದ ತೆಗೆದು ತಳಭಾಗದಲ್ಲಿ ಇರಿಸಿದಳು. ಹಿಂದಕ್ಕೆ ಹೋಗುವಾಗ ಕ್ಯಾರವಾನಿನ ಹಿಂಭಾಗ ಎತ್ತ ಹೋಗಬೇಕೋ ಕೈಯನ್ನು ಅತ್ತ ಒಯ್ಯಬೇಕು, ಅಷ್ಟೇ ಗುಟ್ಟು. ಮೊದಲ ಸಲ ಎರಡು ಕಿತ್ತಳೆ ಕೋನುಗಳು ಬಿದ್ದವು. ಎರಡನೆಯ ಸಲ ಒಂದು. ಹನ್ನೊಂದು ಗಂಟೆಗೆ ಕ್ಯಾರವಾನ್ ಕೋನುಗಳ ನಡುವೆ ದಾರದಂತೆ ನುಸುಳಿ ನಿಂತಾಗ ನಾನು ನೋಟ್‌ಬುಕ್ ಬಿಸಾಕಿ ಚಪ್ಪಾಳೆ ತಟ್ಟಿದೆ. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ, "ಇನ್ನೊಂದ್ಸಲ!" ಎಂದು ಕೂಗಿದಳು. ಯಾರೂ ಹೇಳದೆಯೇ ಇನ್ನೂ ಐದು ಸಲ ಮಾಡಿದಳು.

ನನಗೂ ಒಂದು ಪಾಠವಾಯಿತು. ಹಿಂದೆ ನಿಂತು ದಾರಿ ತೋರಿಸುವವನು ಹೇಗಿರಬೇಕು ಎಂಬುದು. ನಾನು ಬೆಂಗಳೂರಿನ ಲಾರಿ ಕ್ಲೀನರ್‌ಗಳ ಹಾಗೆ ಕ್ಯಾರವಾನಿನ ಮೈಗೆ ತಟ್ಟುತ್ತ, "ಬರ್ಲಿ, ಬರ್ಲಿ, ರೈಟ್, ಸ್ವಲ್ಪ ಲೆಫ್ಟ್, ಬರ್ಲಿ, ಹೋಲ್ಡಾನ್!" ಎಂದು ಕಿರುಚುತ್ತಿದ್ದೆ. ಆಕೆ ಕನ್ನಡ ಅರ್ಥವಾಗದಿದ್ದರೂ ಅರ್ಥಮಾಡಿಕೊಂಡು ನನ್ನ ಹತ್ತಿರ ಬಂದಳು. ಬಾಯಿ ಬೇಡ, ಕೈ ಸಾಕು. ಚಾಲಕಿಯ ಕನ್ನಡಿಯಲ್ಲಿ ನೀವು ಕಾಣಬೇಕು, ಕಾಣದಿದ್ದರೆ ಅವಳು ನಿಲ್ಲಿಸಬೇಕು. ಹೆಂಡತಿ ಇದನ್ನು ಬಹಳ ಇಷ್ಟಪಟ್ಟು ಎರಡು ಸಲ ಹೇಳಿಸಿಕೊಂಡಳು.

ಮಧ್ಯಾಹ್ನದ ಪಾಠ ತೂಕದ ಬಗ್ಗೆ. ಅದಕ್ಕೆ ನಾನು ಕೂರಲಿಲ್ಲ. ಹತ್ತಿರದಲ್ಲೇ ಇಂಡಿಯನ್ ಅಂಗಡಿ ಇತ್ತು. ಬಾಣಂತಿಯ ಪಟ್ಟಿ ನನ್ನ ಜೇಬಿನಲ್ಲಿತ್ತು. ಅಂಟು, ಒಣಕೊಬ್ಬರಿ, ಒಣಶುಂಠಿ, ಮೆಂತ್ಯ, ಬೆಳ್ಳುಳ್ಳಿ. ಸಂಜೆ ಹೆಂಡತಿ ಹದಿನಾಲ್ಕು ಪುಟದ ಕೈಪಿಡಿಯನ್ನು ನನ್ನ ಕೈಗಿತ್ತಳು. "ಸಾಮಾನು ತುಂಬೋರು ನೀವು ತಾನೆ? ಪೂರ್ತಿ ಓದಿ. ನನಗೆ ಈ ವಾರ ಕ್ಲಿನಿಕ್‌ನಲ್ಲಿ ಉಸಿರಾಡೋಕೂ ಟೈಮಿಲ್ಲ."

ಇಲ್ಲಿ ನನ್ನ ಕಸುಬಿನ ಒಂದು ದೋಷವನ್ನು ದಾಖಲಿಸಬೇಕು. ಸುದ್ದಿಯ ತೂಕವೆಲ್ಲ ಮೊದಲ ಪ್ಯಾರಾದಲ್ಲಿ ಇರುತ್ತದೆ. ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸಬೇಕು. ಇಪ್ಪತ್ತು ವರ್ಷ ಹಾಗೆ ಕತ್ತರಿಸಿದವನ ಕಣ್ಣು ಯಾವ ಬರಹದಲ್ಲೂ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೈಪಿಡಿಯ ಮೊದಲ ಐದು ಪುಟ ಶ್ರದ್ಧೆಯಿಂದ ಓದಿದೆ. ಸಾಮಾನು ಎಲ್ಲಿಡಬೇಕೆಂಬುದು ಹನ್ನೊಂದನೆಯ ಪುಟದಲ್ಲಿತ್ತು.

ತುಂಬುವ ದಿನ ಬಂತು. ಕ್ಯಾರವಾನಿನ ತೀರ ಹಿಂಭಾಗದಲ್ಲಿ ಮಂಚ, ಮಂಚದ ಕೆಳಗೆ ವಿಶಾಲವಾದ ಖಾಲಿ ಪೆಟ್ಟಿಗೆ. ನನ್ನ ಮಟ್ಟಿಗೆ ಅದು ಡಿಕ್ಕಿ. ಭಾರದ ಸಾಮಾನು ಡಿಕ್ಕಿಯಲ್ಲಿಡಬೇಕೆಂಬುದು ನಮ್ಮ ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮೈಸೂರಿನಿಂದ ಹಡಗಿನಲ್ಲಿ ಬಂದಿದ್ದ ಹಳೆಯ ಕಲ್ಲಿನ ಗ್ರೈಂಡರ್ ಅಲ್ಲಿಗೆ ಹೋಯಿತು. ಎತ್ತಲು ಪಕ್ಕದ ಮನೆಯ ಮುದುಕನೂ ಅವನ ಅಳಿಯನೂ ಬಂದಿದ್ದರು. ಎರಡು ಮೂಟೆ ಸೋನಾ ಮಸೂರಿ ಅಲ್ಲಿಗೇ ಹೋದವು. ಹೊರಗೆ, ಹಿಂದಿನ ಬಂಪರಿಗೆ, ಎರಡು ನೀರಿನ ಕ್ಯಾನು.

"ಭಾರ ಎಲ್ಲ ಗಾಲಿ ಹತ್ತಿರ ಇಟ್ರಾ? ಕೈಪಿಡಿ ಓದಿದ್ರಾ?" ಹೆಂಡತಿ ಕ್ಲಿನಿಕ್‌ನಿಂದ ಫೋನ್ ಮಾಡಿ ಕೇಳಿದಳು.

"ಓದಿದೀನಿ," ಎಂದೆ. ನನ್ನ ವೃತ್ತಿಜೀವನದಲ್ಲಿ ನಾನು ಕೊಟ್ಟ ಅತಿ ತಪ್ಪು ವರದಿ ಅದು.

*

ಹೆರಿಗೆಗೆ ಇನ್ನೂ ಮೂರು ವಾರವಿದೆ ಎನ್ನುವಾಗ ಹೊರಟೆವು. ಮೊದಲ ಎರಡು ದಿನ ನಾನು ಹಾಡಿಕೊಂಡೇ ಓಡಿಸಿದೆ. ಗೋಧಿ ಹೊಲಗಳು ಮುಗಿದು, ಮರಗಳು ಮುಗಿದು, ಕೊನೆಗೆ ರಸ್ತೆಯೊಂದೇ ಉಳಿಯಿತು. ಎದುರಿನಿಂದ ಬರುವ ಪ್ರತಿ ಕ್ಯಾರವಾನಿನವರೂ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸುತ್ತಿದ್ದರು. ಹೆಂಡತಿ ಎರಡೂ ಕೈ ಎತ್ತಿ ಬೀಸುತ್ತಿದ್ದಳು. "ಒಂದು ಬೆರಳು ಸಾಕು ಕಣೆ," ಎಂದರೆ, "ಅಷ್ಟು ದೂರದಿಂದ ಬಂದಿದಾರೆ ಪಾಪ, ಒಂದು ಬೆರಳಲ್ಲಿ ಏನು ಮರ್ಯಾದೆ," ಎನ್ನುತ್ತಿದ್ದಳು.

ಮೂರನೆಯ ದಿನ, ಬೆಳಿಗ್ಗೆ ಹನ್ನೊಂದು ದಾಟಿ ಹತ್ತು ನಿಮಿಷ. ನಲ್ಲಾರ್‌ಬಾರ್ ಬಯಲಿನಲ್ಲಿ ಸಣ್ಣದೊಂದು ಇಳಿಜಾರು, ಬಲಗಡೆಯಿಂದ ಗಾಳಿ. ನಮ್ಮ ವೇಗ ನೂರರ ಹತ್ತಿರ. ಹಿಂದಿನಿಂದ ಬಂದ ರೋಡ್ ಟ್ರೈನ್ ನಮ್ಮನ್ನು ದಾಟತೊಡಗಿತು. ಅದರ ಮೊದಲ ಟ್ರೇಲರ್ ಪಕ್ಕಕ್ಕೆ ಬಂದಾಗ ನಮ್ಮ ಕ್ಯಾರವಾನ್ ಅತ್ತ ಎಳೆದಂತಾಯಿತು. ಕೊನೆಯದು ದಾಟಿದಾಗ ಇತ್ತ ತಳ್ಳಿದಂತಾಯಿತು. ನಾನು ಸ್ಟೀರಿಂಗ್ ಸರಿಪಡಿಸಿದೆ. ಅದೇ ತಪ್ಪು. ಹಿಂದಿನಿಂದ ಯಾರೋ ಕಾರಿನ ಬಾಲ ಹಿಡಿದು ಜಾಡಿಸಿದ ಹಾಗೆ ಕ್ಯಾರವಾನ್ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬೀಸತೊಡಗಿತು. ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದು. ಎಡಗನ್ನಡಿಯಲ್ಲಿ ಅದರ ಇಡೀ ಮಗ್ಗುಲು ಕಂಡಿತು. ಕಿಟಕಿ, ನೀಲಿ ಪಟ್ಟೆಯ ಪರದೆ, ಎಲ್ಲ. ನನ್ನ ಪಾದ ಬ್ರೇಕಿನ ಮೇಲೆ ಹೋಗಿತ್ತು.

"ಬ್ರೇಕ್ ಬೇಡ!"

ಹೆಂಡತಿಯ ದನಿ. ಕಿರುಚಾಟವಲ್ಲ, ಕ್ಲಿನಿಕ್‌ನಲ್ಲಿ ನರ್ಸಿಗೆ ಹೇಳುವ ದನಿ.

"ಕಾಲು ತೆಗೀರಿ. ಎರಡರಿಂದಲೂ ತೆಗೀರಿ. ಸ್ಟೀರಿಂಗ್ ನೆಟ್ಟಗೆ ಹಿಡ್ಕೊಳ್ಳಿ, ತಿರುಗಿಸಬೇಡಿ. ನೆಟ್ಟಗೆ."

ಹೇಳುತ್ತಲೇ ಅವಳು ಕೈ ಚಾಚಿ ಡ್ಯಾಷ್‌ಬೋರ್ಡಿನ ಕೆಳಗಿದ್ದ ಗುಂಡಿಯನ್ನು ಒತ್ತಿ ಹಿಡಿದಳು. ಅದು ಕಾರಿನ ಬ್ರೇಕಲ್ಲ, ಕ್ಯಾರವಾನಿನ ಚಕ್ರಗಳಿಗೆ ಮಾತ್ರ ಬ್ರೇಕ್ ಹಾಕುವ ಗುಂಡಿ. ಇಷ್ಟು ದಿನ ನಾನು ಅದರ ಪಕ್ಕದಲ್ಲಿ ನೀರಿನ ಬಾಟಲಿ ಇಡುತ್ತಿದ್ದೆ. ಹಿಂದಿನಿಂದ ಯಾರೋ ಹಗ್ಗ ಬಿಗಿದು ಜಗ್ಗಿದಂತಾಯಿತು. ಒಂದು ಬೀಸು. ಅದಕ್ಕಿಂತ ಚಿಕ್ಕದೊಂದು. ಇನ್ನೂ ಚಿಕ್ಕದು. ಕ್ಯಾರವಾನ್ ನಮ್ಮ ಹಿಂದೆ ನೆಟ್ಟಗಾಯಿತು. ರೋಡ್ ಟ್ರೈನ್ ಏನೂ ತಿಳಿಯದೆ ಮುಂದೆ ಮಂಕಾಗುತ್ತ ಹೋಯಿತು.

ಮುಂದಿನ ತಂಗುಜಾಗದಲ್ಲಿ ನಿಲ್ಲಿಸಿದೆ. ಹೆಂಡತಿ ಕಾರಿನಿಂದಿಳಿದು ನಾಲ್ಕು ಹೆಜ್ಜೆ ನಡೆದಳು, ವಾಪಸು ಬಂದಳು, ಇದ್ದಕ್ಕಿದ್ದಂತೆ ನಗತೊಡಗಿದಳು. "ಕೆಲಸ ಮಾಡ್ತು ರೀ! ಅವಳು ಹೇಳಿಕೊಟ್ಟಿದ್ದು ಕೆಲಸ ಮಾಡ್ತು!" ನಾನೂ ನಕ್ಕೆ. ಆ ಬಟ್ಟಂಬಯಲಿನಲ್ಲಿ ಇಬ್ಬರು ಮುದುಕರು ಹುಚ್ಚರಂತೆ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿ ಕೇಳಿದಳು.

"ಗ್ರೈಂಡರ್ ಎಲ್ಲಿಟ್ರಿ?"

ನಾನು ತೋರಿಸಿದೆ. ಅವಳು ಮಂಚದ ಹಲಗೆ ಎತ್ತಿ ಗ್ರೈಂಡರ್ ನೋಡಿದಳು, ಅಕ್ಕಿ ನೋಡಿದಳು, ಹೊರಗೆ ಬಂದು ನೀರಿನ ಕ್ಯಾನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಕೈಪಿಡಿ ಕಪಾಟಿನಲ್ಲೇ ಇತ್ತು. ಹನ್ನೊಂದನೆಯ ಪುಟ ತೆಗೆದು ನನ್ನ ಕೈಗಿತ್ತಳು. ನಿಂತಲ್ಲೇ ಓದಿದೆ. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ಕಾರಿಗೆ ಸಿಕ್ಕಿಸುವ ಮುಂದಿನ ಕೊಂಡಿ ಹಗುರವಾಗುತ್ತದೆ, ಕೊಂಡಿ ಹಗುರವಾದರೆ ಕ್ಯಾರವಾನ್ ಬಾಲ ಆಡಿಸುತ್ತದೆ. ನಾಲ್ಕೇ ಸಾಲು, ಜೊತೆಗೊಂದು ಚಿತ್ರ.

ಅಕ್ಕಿಮೂಟೆಗಳನ್ನು ಇಬ್ಬರೂ ಎಳೆದು ಕಾರಿನೊಳಗೆ ಹಾಕಿದೆವು. ಒಂದು ಕ್ಯಾನಿನ ನೀರು ಚೆಲ್ಲಿದೆವು. ಗ್ರೈಂಡರ್ ಮಾತ್ರ ಅಲ್ಲಾಡಲಿಲ್ಲ. ಅವಳು ಕೈ ಚಾಚಿದಳು, ನಾನು ಕೀ ಕೊಟ್ಟೆ. ಅಲ್ಲಿಂದ ಮುಂದೆ ಎಂಬತ್ತರ ವೇಗ ಮೀರಲಿಲ್ಲ. ಸೌತ್ ಆಸ್ಟ್ರೇಲಿಯಾದ ತಪಾಸಣೆ ಕಟ್ಟೆಯಲ್ಲಿ ಹಣ್ಣು ತರಕಾರಿ ಒಯ್ಯುವಂತಿಲ್ಲವೆಂದು ನಮ್ಮ ಉಳಿದ ನಿಂಬೆಹಣ್ಣುಗಳನ್ನೂ ಕರಿಬೇವನ್ನೂ ತೆಗೆದುಕೊಂಡರು. ಗ್ರೈಂಡರ್ ನೋಡಿದ ಅಧಿಕಾರಿ, ಇದೇನು ಎಂಜಿನ್ನೋ ಎಂದು ಕೇಳಿದ. "ಒಂಥರಾ ಹೌದು," ಎಂದಳು ನನ್ನ ಹೆಂಡತಿ, ಇಂಗ್ಲಿಷಿನಲ್ಲೇ.

*

ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ ನಮ್ಮ ಹಳೆಯ ಗೆಳೆಯನೊಬ್ಬನ ಟ್ರೇಲರ್ ರಿಪೇರಿ ಶೆಡ್ಡಿದೆ. ಕೆಜಿಎಫ್‌ನವನು, ಮೊದಲು ಪರ್ತ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ನಾವು ಹೋದಾಗ ಶನಿವಾರ ಮಧ್ಯಾಹ್ನ. ನಾನು ನಡೆದದ್ದನ್ನೆಲ್ಲ ವರದಿ ಮಾಡಿದೆ. ಅವನು ಕ್ಯಾರವಾನಿನ ಮೂತಿಯ ಕೆಳಗೆ ತೂಕದ ಯಂತ್ರ ಇಟ್ಟ. ನೂರ ಮೂವತ್ತು ಕೆಜಿ.

"ಎರಡು ಟನ್ ಗಾಡಿ ಸಾರ್ ಇದು. ಮೂಗಿನ ಮೇಲೆ ಇನ್ನೂರಾದ್ರೂ ಬೇಕು. ಅಕ್ಕಿ, ನೀರು ಎಲ್ಲ ಹಿಂದಿದ್ದಾಗ ನೂರೂ ಇರ್ಲಿಲ್ಲ ಅನ್ಸುತ್ತೆ. ಡಾಕ್ಟ್ರಕ್ಕ ಪಕ್ಕದಲ್ಲಿ ಕೂತಿದ್ದಕ್ಕೆ ಬಂದ್ಬಿಟ್ರಿ."

ಅವನೂ ಅವನ ಜೊತೆ ಕೆಲಸ ಮಾಡುವವನೂ ಗ್ರೈಂಡರ್ ಎತ್ತಿ ಗಾಲಿಗಳಿಗಿಂತ ಸ್ವಲ್ಪ ಮುಂದಕ್ಕೆ ನೆಲದ ಮೇಲೆ ಕೂರಿಸಿ ಪಟ್ಟಿ ಬಿಗಿದರು. ಅಕ್ಕಿಯನ್ನು ಮೂತಿಯ ಹತ್ತಿರದ ಪೆಟ್ಟಿಗೆಗೆ ಹಾಕಿದರು. ಯಂತ್ರದ ಮುಳ್ಳು ಇನ್ನೂರು ದಾಟಿತು. ನಾವು ಮೂವರೂ ಅದನ್ನು ಹೊಸ ಮಗುವಿನ ತೂಕ ನೋಡುವ ಹಾಗೆ ಬಗ್ಗಿ ನೋಡಿದೆವು.

ಚಹಾ ಬಂತು. ಇಂಥ ಕೋರ್ಸನ್ನು ಎಲ್ಲರಿಗೂ ಕಡ್ಡಾಯ ಮಾಡಬೇಕು ಎಂದಳು ಹೆಂಡತಿ. ಗೆಳೆಯ ಅಡ್ಡಡ್ಡ ತಲೆಯಾಡಿಸಿದ.

"ಬೇಡ ಅಕ್ಕ. ಕಡ್ಡಾಯ ಅಂದ್ರೆ ಫಾರಂ, ಕ್ಯೂ. ಕಾಡೊಳಗಿನ ಊರಲ್ಲಿರೋ ಮುದುಕರು ಕೋರ್ಸಿಗೆ ಅಂತ ಐನೂರು ಕಿಲೋಮೀಟರ್ ಬರ್ತಾರಾ? ಐವತ್ತು ವರ್ಷದಿಂದ ಕುದುರೆ ಸಾಗಿಸೋ ಟ್ರೇಲರ್, ದೋಣಿ, ಏನೇನೋ ಎಳೀತಿದಾರೆ ಅವರು. ಅವರಿಗೆ ನಾವು ಕಲಿಸೋದಾ?"

"ಒಂದು ಇಂಜೆಕ್ಷನ್ ಚುಚ್ಚೋಕೆ ನನಗೆ ಲೈಸೆನ್ಸ್ ಬೇಕು. ಎರಡು ಟನ್ ಗಾಡಿ ಎಳಿಯೋಕೆ ಏನೂ ಬೇಡ್ವಾ?"

"ಕೋರ್ಸ್ ಮಾಡಿದ್ರೆ ಎಲ್ಲ ಬಂದ್ಬಿಡುತ್ತಾ ಅಕ್ಕ? ಸಾರ್ ಹೋಗಿದ್ರಲ್ಲ ಕೋರ್ಸಿಗೆ. ಕಲಿತ್ರಾ?"

"ಅವರು ಹೋಗಿದ್ರು. ಕೂರಲಿಲ್ಲ."

ಗೆಳೆಯ ಚಹಾ ಮೇಲೆ ಚೆಲ್ಲಿಕೊಂಡು ನಕ್ಕ. ಅವನ ಮಾತಿನಲ್ಲೂ ಹುರುಳಿತ್ತು. ಮಾರುವವರೇ ಒಂದು ಸಲ ತೂಕ ಹಾಕಿ ತೋರಿಸಲಿ, ಅದನ್ನು ಕಡ್ಡಾಯ ಮಾಡಲಿ, ಅರ್ಧ ಅಪಘಾತ ತಪ್ಪುತ್ತದೆ ಎಂದ. ಹೆಂಡತಿ, "ಉಳಿದ ಅರ್ಧ?" ಎಂದಳು. ನಾನು ಎರಡೂ ಕಡೆಯ ಮಾತನ್ನು ಬರೆದುಕೊಂಡೆ. ಯಾರ ಪರ ಎಂದು ಇಬ್ಬರೂ ನನ್ನ ಕಡೆ ತಿರುಗುವಷ್ಟರಲ್ಲಿ ಫೋನ್ ಬಂತು.

ಮಗಳು. ರಕ್ತದೊತ್ತಡ ಏರಿದೆಯಂತೆ. ಅಪಾಯವೇನಿಲ್ಲ, ಆದರೆ ಕಾಯುವುದು ಬೇಡವೆಂದು ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿಕೊಂಡು ಹೆರಿಗೆ ಮಾಡಿಸುತ್ತಾರಂತೆ. ಅಂದು ಶನಿವಾರ. ಬ್ರಿಸ್ಬೇನ್ ಇನ್ನೂ ಎರಡು ಸಾವಿರ ಕಿಲೋಮೀಟರ್.

ಗೆಳೆಯ ಕೂಡಲೇ, "ಗಾಡಿ ಇಲ್ಲೇ ಬಿಡಿ. ನಾಳೆ ಫ್ಲೈಟ್ ಹಿಡೀರಿ," ಎಂದ. ನನಗೂ ಅದೇ ಸರಿ ಎನಿಸಿತು. ಹೆಂಡತಿ ಚಹಾದ ಲೋಟ ಹಿಡಿದು ಸ್ವಲ್ಪ ಹೊತ್ತು ಕ್ಯಾರವಾನನ್ನೇ ನೋಡಿದಳು. ಹಾರಿಹೋದರೆ ಹೆರಿಗೆಗೆ ನಿಶ್ಚಿಂತೆಯಾಗಿ ಮುಟ್ಟುತ್ತಿದ್ದೆವು. ಆದರೆ ಆಮೇಲೆ? ಎರಡು ವಾರ ಸೋಫಾ, ಆಮೇಲೆ ವಾಪಸು. ಅವಳ ಮೂರು ತಿಂಗಳ ಬಾಣಂತನ ಕ್ಯಾರವಾನಿನ ಜೊತೆ ಇಲ್ಲೇ, ಈ ಶೆಡ್ಡಿನಲ್ಲೇ ಉಳಿದುಬಿಡುತ್ತಿತ್ತು.

ಅವಳು ಫೋನ್ ಸ್ಪೀಕರ್‌ಗೆ ಹಾಕಿದಳು. "ದಿನಕ್ಕೆ ಐನೂರು ಕಿಲೋಮೀಟರ್. ಬೆಳಕಿರುವಾಗ ಮಾತ್ರ. ಬುಧವಾರ ಸಂಜೆಯೊಳಗೆ ನಿನ್ನ ಗೇಟಲ್ಲಿರ್ತೀವಿ. ಬರಲಾ, ಇಲ್ಲಾ ಫ್ಲೈಟ್ ಹಿಡೀಲಾ? ನೀನು ಹೇಳಿದ ಹಾಗೆ ಮಾಡ್ತೀನಿ."

ಮಗಳ ದನಿ ಬಂತು. "ಯಾರು ಓಡಿಸ್ತಾರೆ?"

"ನಾನು."

"ಪೂರ್ತಿ?"

"ಪೂರ್ತಿ. ನಿಮ್ಮಪ್ಪ ಉಪ್ಪಿಟ್ಟು ಮಾಡ್ತಾರೆ."

"ಹಾಗಾದ್ರೆ ಬಾ ಅಮ್ಮ."

*

ಆ ನಾಲ್ಕು ದಿನ ನಾನು ಸಹಪ್ರಯಾಣಿಕ, ಅಡುಗೆಯವನು, ಟಿಪ್ಪಣಿಕಾರ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೊಂಡಿ ಮುಟ್ಟಿ ನೋಡುತ್ತಿದ್ದಳು, ಟೈರಿಗೆ ಅಂಗೈಯಿಟ್ಟು ಜ್ವರ ನೋಡುವ ಹಾಗೆ ನೋಡುತ್ತಿದ್ದಳು. ಹಿಂದೆ ಲಾರಿ ಕಂಡರೆ ಅಂಚಿಗೆ ಸರಿದು ನಿಧಾನಿಸಿ ಬಿಟ್ಟುಕೊಡುತ್ತಿದ್ದಳು. ಸರ್ವೋ ಎಂಬ ಇಲ್ಲಿನ ಬಂಕುಗಳಲ್ಲಿ ಪೆಟ್ರೋಲ್ ಹಾಕಿಸುವಾಗ ಬೇರೆ ಕ್ಯಾರವಾನಿನ ಗಂಡಸರು ನನ್ನ ಹತ್ತಿರ ಬಂದು ಎಂಜಿನ್ ಬಗ್ಗೆ ಕೇಳುತ್ತಿದ್ದರು. ನಾನು ಅವಳ ಕಡೆ ಕೈ ತೋರಿಸುತ್ತಿದ್ದೆ. ಎರಡನೆಯ ದಿನದಿಂದ ಅವಳೂ ಒಂದು ಬೆರಳು ಮಾತ್ರ ಎತ್ತತೊಡಗಿದಳು.

ಬುಧವಾರ ನಾಲ್ಕೂವರೆಗೆ ಮಗಳ ಬೀದಿ ತಲುಪಿದೆವು. ಗೇಟಿನ ಬಳಿ ಮಗಳು, ಎರಡೂ ಕೈ ಸೊಂಟದ ಹಿಂದೆ, ಹೊಟ್ಟೆ ಮುಂದೆ. ಪಕ್ಕದಲ್ಲಿ ಅಳಿಯ. ನೆರೆಮನೆಯವರು ವರಾಂಡಾದಲ್ಲಿ. ಎಲ್ಲರೂ ಆ ದಾರಿಯನ್ನೇ ನೋಡುತ್ತಿದ್ದರು. ಒಂದು ಕಡೆ ಮನೆಯ ಮರದ ಗೋಡೆ, ಇನ್ನೊಂದು ಕಡೆ ಇಟ್ಟಿಗೆಯ ಗೋಡೆ. ನಡುವಿನ ಏರುದಾರಿಯಲ್ಲಿ ಕ್ಯಾರವಾನ್ ಹೋದರೆ ಎರಡೂ ಬದಿಗೆ ಒಂದೊಂದು ಗೇಣು ಉಳಿಯಬಹುದು. ಅದೂ ಹಿಮ್ಮುಖವಾಗಿ.

"ಆಂಟಿ, ನೆರೆಮನೆಯವರು ಟ್ರಕ್ ಡ್ರೈವರ್. ಬೇಕಾದ್ರೆ ಅವರನ್ನ..." ಅಳಿಯ ಮೆಲ್ಲಗೆ ಹೇಳಿದ. ಮದುವೆಯಾಗಿ ಮೂರು ವರ್ಷವಾದರೂ ಅವನು ಗಾಬರಿಯಾದರೆ ಅತ್ತೆಯನ್ನು ಆಂಟಿ ಎಂದೇ ಕರೆಯುತ್ತಾನೆ.

"ಬೇಡಪ್ಪ. ಎರಡು ನಿಂಬೆಹಣ್ಣು ಇದೆಯಾ?"

ನೆರೆಮನೆಯ ಮರದಿಂದ ಎರಡು ಬಂದವು. ಹೆಂಡತಿ ದಾರಿಯನ್ನು ಮೇಲಿನಿಂದ ಕೆಳಗೆ ನಡೆದು ನೋಡಿದಳು. ಹಿತ್ತಲಿನಲ್ಲಿ ಕ್ಯಾರವಾನಿನ ಚಕ್ರಗಳು ಬಂದು ನಿಲ್ಲಬೇಕಾದ ಎರಡು ಜಾಗ ಗುರುತಿಸಿ, ಅಲ್ಲಿ ಒಂದೊಂದು ಹಣ್ಣಿಟ್ಟಳು. ನಮ್ಮ ಪೂಜೆಯಲ್ಲಿ ಗಾಡಿ ಮುಂದಕ್ಕೆ ಹೋಗಿ ನಿಂಬೆಹಣ್ಣು ಒಡೆಯಬೇಕು. ಇವಳು ಹಿಂದಕ್ಕೆ ಬಂದು ಒಡೆಯಲು ಹೊರಟಿದ್ದಳು.

"ನೀವು ಕನ್ನಡಿಯಲ್ಲಿ ಕಾಣಬೇಕು. ಬಾಯಿ ಬೇಡ."

"ಗೊತ್ತು."

ಕ್ಯಾರವಾನಿನ ಹಿಂಭಾಗ ದಾರಿಯ ಬಾಯಿಗೆ ಬಂತು. ಮೂಲೆ ಇಟ್ಟಿಗೆ ಗೋಡೆಗೆ ನಾಲ್ಕು ಬೆರಳು ದೂರವಿತ್ತು. ನನ್ನ ಗಂಟಲಿಗೆ "ಹೋಲ್ಡಾನ್" ಬಂದು ನಿಂತಿತು. ನುಂಗಿದೆ, ಅಂಗೈ ಎತ್ತಿದೆ. ಅವಳು ನಿಲ್ಲಿಸಿದಳು. ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಬಂದಳು. ಕನ್ನಡಿಯಲ್ಲಿ ನನಗೆ ಅವಳ ಮುಖವಷ್ಟೇ ಕಾಣಿಸುತ್ತಿತ್ತು, ಕೈ ಎಲ್ಲಿದೆಯೆಂದು ಗೊತ್ತಿತ್ತು: ಸ್ಟೀರಿಂಗಿನ ತಳದಲ್ಲಿ, ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ. ಮರದ ಗೋಡೆ ದಾಟಿತು. ಅಡುಗೆಮನೆ ಕಿಟಕಿ ದಾಟಿತು. ನಾನು ಹಿಮ್ಮುಖವಾಗಿ ನಡೆಯುತ್ತ, ಕೈ ಆಡಿಸುತ್ತ ಹಿತ್ತಲಿನವರೆಗೆ ಬಂದೆ. ಪಟ್ ಎಂದಿತು ಒಂದು. ಅರೆಗಳಿಗೆಯ ಮೇಲೆ ಇನ್ನೊಂದು.

ವರಾಂಡಾದಿಂದ ಸಿಳ್ಳೆ ಬಂತು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತ ಅಳುತ್ತ, "ಅಮ್ಮಾ, ಯೂ ಲೆಜೆಂಡ್!" ಎಂದು ಕೂಗಿದಳು. ಹೆಂಡತಿ ಇಳಿದು, ಕೊಂಡಿ ಬಿಡಿಸಿ, ಒಳಗೆ ಹೋಗಿ, ಮೊದಲು ಅಕ್ಕಿ ನೆನೆಹಾಕಿದಳು.

ಗುರುವಾರ ಆಸ್ಪತ್ರೆಗೆ ಸೇರಿಸಿದರು, ಶುಕ್ರವಾರ ಬೆಳಿಗ್ಗೆ ಮೊಮ್ಮಗಳು ಹುಟ್ಟಿದಳು. ತೂಕ ಮೂರು ಕೆಜಿ ಚಿಲ್ಲರೆ. ಅಳಿಯ ಫೋನಿನಲ್ಲಿ ಹೇಳಿದಾಗ ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಐದನೆಯ ದಿನ ಮಗಳು ಮನೆಗೆ ಬಂದಳು. ಹಿತ್ತಲಿನಲ್ಲಿ ಮೆಣಸಿನ ಸಾರಿನ ಘಾಟು, ಅಂಟಿನ ಉಂಡೆಯ ತುಪ್ಪದ ವಾಸನೆ. ಮಧ್ಯಾಹ್ನ ಕ್ಯಾರವಾನಿನ ನೀಲಿ ಪರದೆ ಎಳೆದು, ನಮ್ಮ ಮಂಚದ ಮೇಲೆ ಮಗಳು ಮೂರು ಮೂರು ಗಂಟೆ ನಿದ್ದೆ ಮಾಡುತ್ತಿದ್ದಳು. ಆಗ ಮಗು ಅಜ್ಜಿಯ ತೊಡೆಯ ಮೇಲೆ, ನಾನು ಹೊರಗೆ ಕುರ್ಚಿಯಲ್ಲಿ.

ಹಾಗೆ ಕೂತಿದ್ದಾಗ ಒಂದು ದಿನ ಮಗಳು ಒಳಗಿನಿಂದಲೇ ಕೇಳಿದಳು. "ಅಪ್ಪಾ, ವಾಪಸ್ ಹೋಗುವಾಗಲೂ ಅಮ್ಮ ಒಬ್ಬಳೇ ಓಡಿಸ್ಬೇಕಾ? ಅಷ್ಟು ದೂರ?"

ಕಡ್ಡಾಯ ಮಾಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಕಿಲ್ಬರ್ನ್‌ನಲ್ಲಿ ಹೇಳಲಾಗಿರಲಿಲ್ಲ. ಈಗ ದಾಖಲಿಸುತ್ತೇನೆ: ಮಾಡಬೇಕು. ಮೊದಲ ಸಲ ಕೊಂಡಿ ಕಟ್ಟುವ ಪ್ರತಿಯೊಬ್ಬರಿಗೂ ಒಂದು ದಿನ. ದೂರದ ಊರಿನವರ ಬಳಿಗೆ ಕಲಿಸುವವರೇ ಹೋಗಲಿ. ಗೆಳೆಯ ಹೇಳಿದಂತೆ ತೂಕವನ್ನೂ ಹಾಕಲಿ. ಏಕೆಂದರೆ ನನಗೆ ಬೇಡವೆಂದು ನಂಬಿದ್ದ ನಾನೇ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವನು. ಅಂಥವನು ತಾನಾಗಿ ಹೋಗುವುದಿಲ್ಲ. ಹೋದರೂ ಮಧ್ಯಾಹ್ನ ಎದ್ದು ಅಂಗಡಿಗೆ ಹೋಗುತ್ತಾನೆ.

ಮುಂದಿನ ಶನಿವಾರ ಬ್ರಿಸ್ಬೇನ್‌ನ ಹೊರವಲಯದ ಯಾರ್ಡಿನಲ್ಲಿ ಇಬ್ಬರು ಯುವಕರ ಜೊತೆ ಸಾಲಿನಲ್ಲಿ ನಿಂತೆ. ಮೊದಲು ಯಾರು ಕೂರುತ್ತೀರಿ ಎಂದು ಕಲಿಸುವವನು ಕೇಳಿದಾಗ ಕೈ ಎತ್ತಿದೆ. ಯಾರ್ಡಿನವರದೇ ಗಾಡಿಯಲ್ಲಿ ಕೂತೆ, ಮೂರು ಕೋನು ಬಿದ್ದವು. ಮಧ್ಯಾಹ್ನ ತೂಕದ ಪಾಠ. ಹೆಂಡತಿ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಮಗು ಅಳುತ್ತಿತ್ತು, ಗ್ರೈಂಡರ್ ತಿರುಗುತ್ತಿತ್ತು.

"ಇಂಡಿಯನ್ ಅಂಗಡಿ ಹತ್ತಿರ ಇದೆಯಾ ಅಲ್ಲಿ? ಮೆಂತ್ಯ ಮುಗಿದಿದೆ."

"ಇದೆ. ಪಾಠ ಮುಗಿದ ಮೇಲೆ ತರ್ತೀನಿ," ಎಂದು ಹೇಳಿ ಫೋನ್ ಆರಿಸಿ, ಕೈಪಿಡಿಯನ್ನು ಕೊನೆಯ ಪುಟದಿಂದ ಓದತೊಡಗಿದೆ.